ದೋಲೋನ್ ದಾಟುವ ಕಾರು

ಚೋಲೋಕ್-ಬುಲಾಕ್, ಅಟ್-ಬಾಶಿ ಕಣಿವೆ
ಸೆಪ್ಟೆಂಬರ್ 16

ಮಗಳೇ ಜೂರಾ,

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಆಪರೇಷನ್ ಆದ ಮೊಣಕಾಲು ಈಗ ಚೆನ್ನಾಗಿ ಮಡಚುತ್ತದೆ. "ಎರಡು ವಾರ ಇದ್ದು, ಕುಮಿಸ್ ಕುಡಿದು, ಮೈ ತುಂಬಿಕೊಂಡು ಹೋಗುವಿರಂತೆ" ಎಂದು ನನ್ನ ದೊಡ್ಡ ಮಗ ಮೆಲಿಸ್ ಜೂನ್ ತಿಂಗಳಲ್ಲಿ ನಿನ್ನ ಮನೆಯಿಂದ ನನ್ನನ್ನು ಕರೆತಂದನಲ್ಲ. ಈಗ ಕುದುರೆಗಳು ಹಾಲು ನಿಲ್ಲಿಸಿದವು. ಆ ಹಾಲನ್ನು ಹುಳಿ ಬರಿಸಿ ಕುಮಿಸ್ ಕಡೆಯುವ ಮರದ ಪಾತ್ರೆಯನ್ನು ತೊಳೆದು ಕವುಚಿ ಇಟ್ಟದ್ದೂ ಆಯಿತು. ನಾನು ಇಲ್ಲೇ ಇದ್ದೇನೆ.

ಮೆಲಿಸ್ ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ. ಮೆತ್ತಗಿನ ಮಾಂಸದ ತುಂಡು ನನ್ನ ತಟ್ಟೆಗೇ ಬರುತ್ತದೆ. ಕೂರುವುದಕ್ಕೆ ಹಿರಿಯರ ಜಾಗ, ಅಂದರೆ ಬಾಗಿಲಿನಿಂದ ಎಲ್ಲಕ್ಕಿಂತ ದೂರದ ಜಾಗ. ಸೊಸೆ ಅನಾರಾ ಕೈಗೆ ನೀರು ಹೊಯ್ಯುತ್ತಾಳೆ, ಮಾತು ಕಡಿಮೆ. ಬಂದ ನೆಂಟರು ಮಾತ್ರ ಚಹಾ ಮುಗಿಯುವ ಮೊದಲೇ ಶುರು ಮಾಡುತ್ತಾರೆ: "ನಿಮ್ಮ ಕಿರಿ ಮಗ ಎರ್ಕಿನ್ ದುಡಿಯೋಕೆ ಅಂತ ದೂರದ ಯಾಕುತ್ಸ್ಕ್‌ಗೆ ಹೋಗಿ ಇನ್ನೊಬ್ಬಳನ್ನ ಕಟ್ಕೊಂಡ, ಸರಿ. ಅವನು ಬಿಟ್ಟ ಹೆಂಡ್ತಿ ಜೊತೆ ಪಟ್ಟಣದಲ್ಲಿ ನಿಮಗೇನು ಕೆಲಸ ಅಜ್ಜಿ, ಮೆಲಿಸ್‌ನಂಥ ಮಗನ್ನ ಇಟ್ಕೊಂಡು?" ನಾನು ನಗುತ್ತೇನೆ. ಮೆಲಿಸ್ ನೆಲ ನೋಡುತ್ತಾನೆ.

ನನ್ನ ಫೋನು ಕೆಟ್ಟಿತೆಂದು ಅವನು ರಿಪೇರಿಗೆ ಒಯ್ದ. ಇನ್ನೂ ರಿಪೇರಿ ಆಗಿಲ್ಲ. ಪಾಸ್‌ಪೋರ್ಟ್ ಬೀರುವಿನಲ್ಲಿ ಭದ್ರವಾಗಿದೆಯಂತೆ. ಈ ಕಾಗದವನ್ನು ಪಿಂಚಣಿ ತರುವ ಅಂಚೆಯ ಬುರುಲ್ ಕೈಗೆ ಕೊಡುತ್ತೇನೆ. "ಸಹಿ ಹಾಕಿಸೋದು ಸರ್ಕಾರಿ ಕೆಲ್ಸ, ಎಲ್ಲಾರೂ ಆಚೆ ನಡೀರಿ" ಎಂದು ಮನೆಯವರನ್ನೆಲ್ಲ ಗದರಿಸಿ ಹೊರಗೆ ಕಳಿಸುವಷ್ಟು ಗಟ್ಟಿಗಿತ್ತಿ ಅವಳು. ನೀನು ಬರೆದರೆ ಅವಳ ಹೆಸರಿಗೇ ಬರೆ.

ನಾನು ಓಡಿಸುತ್ತಿದ್ದ ಟ್ರಾಲಿಬಸ್ಸು ಈಗಲೂ ಮಾರುಕಟ್ಟೆಯ ತಿರುವಿನಲ್ಲಿ ತಂತಿ ಕಳಚಿಕೊಂಡು ನಿಲ್ಲುತ್ತದೆಯೇ? ಎರ್ಕಿನ್ ನಿನ್ನ ತಲೆಗೆ ಕಟ್ಟಿ ಹೋದ ಆ ಎರಡು ಬಾಗಿಲಿನ ಕಾರು ಹೇಗಿದೆ? ಎರಡನೇ ಗೇರಿಗೆ ಈಗಲೂ ಹಲ್ಲು ಕಡಿಯುತ್ತದೆಯೇ?

ಸುಮ್ಮನೆ ಕೇಳಿದೆ.

ನಿನ್ನ ಅತ್ತೆ (ಹಾಗೆನ್ನಬಹುದು ತಾನೇ?)
ಸೋನುನ್‌ಬು


ಬಿಷ್ಕೆಕ್
ಅಕ್ಟೋಬರ್ 2

ಅಮ್ಮಾ,

ನಿಮ್ಮ ಕಾಗದ ಬಂದ ದಿನ ಹೊಲಿಗೆ ಶೆಡ್ಡಿನಲ್ಲಿ ಒಂದೇ ಜೇಬನ್ನು ಎರಡು ಸಲ ತಲೆಕೆಳಗಾಗಿ ಹೊಲಿದೆ.

ನಾನು ಎಷ್ಟೋ ಸಲ ಅನಾರಾ ಅಕ್ಕನ ಫೋನಿಗೆ ಕರೆ ಮಾಡಿದ್ದೇನೆ. "ಅಮ್ಮ ಮಲಗಿದಾರೆ" ಎನ್ನುತ್ತಾರೆ, ಇಡುತ್ತಾರೆ. ಬೆಳಗ್ಗೆಯೂ ಅದೇ, ಸಂಜೆಯೂ ಅದೇ. ಆಗಸ್ಟ್ ತಿಂಗಳಲ್ಲಿ ತಡೆಯಲಾರದೆ ಕಾರು ಹಾಕಿಕೊಂಡು ನಾನೇ ಬಂದಿದ್ದೆ. ನಿಮಗೆ ಹೇಳಿದರೋ ಇಲ್ಲವೋ. ಮೆಲಿಸ್ ಅಣ್ಣ ಬಾಗಿಲಿಗೇ ಬಂದು, "ಅಮ್ಮ ನಾರಿನ್‌ಗೆ ಹೋಗಿದಾರೆ, ನೆಂಟರ ಮನೇಲಿ ಔತಣ. ಬರೋದು ತಡ ಆಗ್ತದೆ" ಅಂದರು. ಅಂಗಳದಲ್ಲೇ ಚಾಪೆ ಹಾಸಿ, ರೊಟ್ಟಿ ಮುರಿದು, ಚಹಾ ಕೊಟ್ಟರು. ಹೊರಡುವಾಗ ಒಂದು ಡಬ್ಬಿ ಬೆಣ್ಣೆಯನ್ನೂ ಕೊಟ್ಟರು. ಬೆಣ್ಣೆ ಹಿಡಿದು ಬಂದವರನ್ನು ಸುಳ್ಳ ಎನ್ನುವುದು ಹೇಗೆ? ನಾನು ಬೆಣ್ಣೆ ತೆಗೆದುಕೊಂಡು ವಾಪಸು ಬಂದೆ.

ಆವತ್ತು ದೋಲೋನ್ ಘಾಟಿ ಏರುವಾಗ ಮೂರರಿಂದ ಎರಡಕ್ಕೆ ಇಳಿಸಲು ಹೋದರೆ ಗೇರು ಸಿಗಲೇ ಇಲ್ಲ. ಲಿವರ್ ಆಚೆ ಈಚೆ ಓಲಾಡುತ್ತದೆ, ಗಂಜಿಯಲ್ಲಿ ನೆಟ್ಟ ಚಮಚದ ಹಾಗೆ. ಕಾರು ನಿಂತು ಹಿಂದಕ್ಕೆ ಜಾರಿತು. ಹಿಂದಿನ ಲಾರಿಯವನು ತಲೆ ಹೊರಗೆ ಹಾಕಿ, "ಅಮ್ಮಣ್ಣೀ, ಮಾರ್ಬಿಟ್ಟು ಕತ್ತೆ ತಗೋ!" ಎಂದು ಕಿರುಚಿದ. ಅವನ ಮಾತೂ ಸರಿಯೇ. ಆದರೆ ಇದನ್ನು ಓಡಿಸುವುದನ್ನು ನೀವು ಪಕ್ಕದಲ್ಲಿ ಕೂತು ಕಲಿಸಿದಿರಿ. ಅದಕ್ಕೇ ಮಾರಲು ಮನಸ್ಸಿಲ್ಲ.

ಟ್ರಾಲಿಬಸ್ಸು ಅದೇ ತಿರುವಿನಲ್ಲಿ ನಿಲ್ಲುತ್ತದೆ. ಅತ್ತೆ ಎನ್ನಬಹುದೇ ಎಂದು ಇನ್ನೊಮ್ಮೆ ಕೇಳಬೇಡಿ.

ನಿಮ್ಮ
ಜೂರಾ


ಚೋಲೋಕ್-ಬುಲಾಕ್
ಅಕ್ಟೋಬರ್ 18

ಮಗಳೇ,

ನಾನು ಯಾವ ಔತಣಕ್ಕೂ ಹೋಗಿರಲಿಲ್ಲ. ಒಳಕೋಣೆಯಲ್ಲೇ ಇದ್ದೆ.

ಆ ದಿನ ನೆನಪಿದೆ. ಮಧ್ಯಾಹ್ನ ಅನಾರಾ ಬಂದು, "ಅಮ್ಮ, ಗಾಳಿ ಜೋರಾಗಿದೆ, ಕಾಲಿಗೆ ಶೀತ ಆಗ್ತದೆ" ಎಂದು ಬಾಗಿಲು ಹಾಕಿಕೊಂಡು ಹೋದಳು. ಟಿ.ವಿ.ಯ ಸದ್ದು ಜೋರು ಮಾಡಿದಳು. ಸ್ವಲ್ಪ ಹೊತ್ತಿನ ಮೇಲೆ ಬೀದಿಯಲ್ಲಿ ಒಂದು ಕಾರು ಹೊರಟಿತು. ಎರಡನೇ ಗೇರಿಗೆ ಕರ್ರೆಂದು ಅರಚಿ ಹೋಯಿತು. ಆ ಸದ್ದು ನಮ್ಮ ಕಾರಿನದ್ದೇ ಅಂತ ಕಿವಿ ಹೇಳಿತು. ವಯಸ್ಸಾದ ಕಿವಿ, ಬೇಕಾದ್ದನ್ನು ಕೇಳಿಸಿಕೊಳ್ಳುತ್ತದೆ ಎಂದು ನನ್ನನ್ನು ನಾನೇ ಬೈದುಕೊಂಡೆ. ಸಂಜೆ ಮೆಲಿಸ್ ನನ್ನ ಕಾಲು ಒತ್ತುತ್ತಾ ಕೂತಿದ್ದ. ಎಷ್ಟು ಚೆನ್ನಾಗಿ ಒತ್ತುತ್ತಾನೆ ಗೊತ್ತೇ!

ನಿನ್ನ ಕಾಗದ ಓದಿದ ಮರುದಿನ ಬೆಳಗ್ಗೆ ಕೋಟು ಹಾಕಿಕೊಂಡು ರಸ್ತೆಗೆ ನಡೆದೆ. ಬಿಷ್ಕೆಕ್‌ಗೆ ಹೋಗುವ ಟ್ಯಾಕ್ಸಿ ಬಂತು. ಹುಡುಗ ಇಳಿದು, "ಬನ್ನಿ ದೊಡ್ಡಮ್ಮ" ಎಂದು ಮುಂದಿನ ಸೀಟಿನಲ್ಲಿ ಕೂರಿಸಿದ. ಪೆಟ್ರೋಲ್ ಬಂಕಿನವರೆಗೆ ಹೋದೆವು. ಅಲ್ಲಿ ಅವನು ಇಳಿದು ಫೋನಿನಲ್ಲಿ ಮಾತಾಡಿ ಬಂದ. "ಗಾಳಿ ಹಿಡಿಸ್ಬೇಕು ದೊಡ್ಡಮ್ಮ, ಸ್ವಲ್ಪ ಕೂತಿರಿ" ಅಂದ. ಯಾವ ಟೈರಿಗೂ ಗಾಳಿ ಹಿಡಿಸಲಿಲ್ಲ. ಮೆಲಿಸ್‌ನ ಜೀಪು ಬಂದ ಮೇಲೆಯೇ ನನಗೆ ತಿಳಿದದ್ದು. ಈ ದಾರಿಯಲ್ಲಿ ಓಡಿಸುವವರೆಲ್ಲ ಒಂದೇ ಬಳಗ. ಮೆಲಿಸ್ ಒಂದು ಮಾತೂ ಗದರಲಿಲ್ಲ. "ಹೇಳಿದ್ರೆ ನಾನೇ ಕರ್ಕೊಂಡ್ ಹೋಗ್ತಿದ್ನಲ್ಲಮ್ಮ" ಅಂದ. ಹಾಗಾದರೆ ಕರೆದುಕೊಂಡು ಹೋಗು ಎಂದೆ. "ಆಲೂಗಡ್ಡೆ ಕಿತ್ತಾಗ್ಲಿ" ಅಂದ.

ಅಂದಿನಿಂದ ಅಂಗಳದ ಗೇಟಿಗೆ ಬೀಗ. ನಾಯಿ ಓಡಿಹೋಗುತ್ತದಂತೆ. ಆ ನಾಯಿಗೆ ನನಗಿಂತ ಹೆಚ್ಚು ವಯಸ್ಸು.

ನಾನು ನಿನ್ನನ್ನು ಕರೆಯುತ್ತಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ: ಈ ತಿಂಗಳು ಮುಗಿದರೆ ದೋಲೋನ್ ಮೇಲೆ ಹಿಮ ಗಟ್ಟಿಯಾಗುತ್ತದೆ. ಬೇಸಿಗೆ ಟೈರು ಚಳಿಗೆ ಕಲ್ಲಾಗಿಬಿಡುತ್ತದೆ, ನೆಲ ಹಿಡಿಯುವುದಿಲ್ಲ. ಆ ಗೇರಿನಲ್ಲಿ, ಆ ಟೈರಿನಲ್ಲಿ ಯಾರೂ ಘಾಟಿಗೆ ಬರಬಾರದು. ಇಳಿಜಾರಿನಲ್ಲಿ ಬ್ರೇಕು ತುಳಿದರೆ ಕಾರು ತಿರುಗಿ ಬೀಳುತ್ತದೆ. ಗೇರಿನಿಂದಲೇ ವೇಗ ತಗ್ಗಿಸಬೇಕು, ಎರಡನೆಯದು ಕೇಳಿದ ಕೂಡಲೇ ಸಿಗಬೇಕು.

ಇದನ್ನು ಚಾಲಕಿಯಾಗಿ ಹೇಳುತ್ತಿದ್ದೇನೆ, ಅಷ್ಟೆ.

ಸೋನುನ್‌ಬು


ಬಿಷ್ಕೆಕ್
ನವೆಂಬರ್ 12

ಅಮ್ಮಾ,

ನೀವು ಕರೆಯಲಿಲ್ಲ. ನಾನು ಕೇಳಿಸಿಕೊಂಡೆ.

ಕಾರನ್ನು ಪಾಕ್ ಎಂಬ ಕೊರಿಯನ್ ಮೆಕ್ಯಾನಿಕ್‌ನ ಶೆಡ್ಡಿಗೆ ಒಯ್ದೆ. ಅವರು ಲಿವರನ್ನು ಎರಡು ಬೆರಳಲ್ಲಿ ಅಲುಗಾಡಿಸಿ ನೋಡಿ, "ಗೇರ್ ಹುಡುಕ್ತೀರೋ, ಕತ್ತಲಲ್ಲಿ ಚಪ್ಪಲಿ ಹುಡುಕ್ತೀರೋ?" ಎಂದು ನಕ್ಕರು. ಚರ್ಮದ ಮುಚ್ಚಳ ಬಿಚ್ಚಿದರೆ ಬುಡದಲ್ಲಿ ಲಿವರನ್ನು ಬಿಗಿ ಹಿಡಿಯುವ ಪ್ಲಾಸ್ಟಿಕ್ ಬಳೆಗಳು, ಬುಷ್‌ಗಳು, ಎಲ್ಲ ಪುಡಿಪುಡಿ. ನನ್ನ ಹೊಲಿಗೆ ಯಂತ್ರದಲ್ಲೂ ಹೀಗೇ ಆಗುತ್ತದೆ. ಬುಷ್ ಸವೆದರೆ ಸೂಜಿ ಎಲ್ಲೆಲ್ಲೋ ಬೀಳುತ್ತದೆ.

ಅವರು ಹಳೆಯ ಲಿವರ್ ತೆಗೆದು ಗಿಡ್ಡನೆಯದೊಂದು ಹಾಕಿದರು. ರೇಸಿನವರು ಹಾಕಿಸಿಕೊಳ್ಳುವಂಥದು. ಬುಡಕ್ಕೆ ಹಿತ್ತಾಳೆ ಬುಷ್. "ಕೈ ಆಡೋದು ಅರ್ಧಕ್ಕರ್ಧ ಕಮ್ಮಿ ಆಗ್ತದೆ. ಆದ್ರೆ ತಳ್ಳೋಕೆ ಜೋರು ಬೇಕು, ಚಳೀಲಿ ಬೆಳಗ್ಗೆ ಬೆಳಗ್ಗೆ ಮುನಿಸ್ಕೊಂಡಿರ್ತದೆ. ಎಣ್ಣೆ ಬಿಸಿ ಆಗೋವರ್ಗೂ ಮಾತಾಡಿಸ್ಬೇಡಿ" ಅಂದರು. ಹೊಲಿದು ಹೊಲಿದು ನನ್ನ ಮಣಿಕಟ್ಟು ಮೊದಲೇ ನೋಯುತ್ತದೆ. ಆದರೂ ಅಮ್ಮಾ, ಮೊದಲ ಸಲ ಎರಡಕ್ಕೆ ಎಳೆದಾಗ ಟಕ್ಕೆಂದು ಕೂತಿತು. ಒಂದು ಕಿರುಚಾಟವಿಲ್ಲ. ನನಗೆ ಅಲ್ಲೇ ಅಳು ಬಂತು. ಪಾಕ್ ಗಾಬರಿಯಾಗಿ, "ಲಿವರ್ ಇಷ್ಟ ಆಗ್ಲಿಲ್ವಾ?" ಎಂದು ಕೇಳಿದರು.

ಟೈರಿನದು ದೊಡ್ಡ ರಗಳೆ. ಎರ್ಕಿನ್ ಹಾಕಿಸಿದ್ದ ದೊಡ್ಡ ರಿಮ್ಮು, ತೆಳ್ಳನೆ ಅಗಲ ಟೈರು. "ಇದು ಮದ್ವೆ ಮೆರವಣಿಗೆಗೆ ಸರಿ, ಹಿಮಕ್ಕಲ್ಲ" ಅಂದರು ಪಾಕ್. ಹಿಮಕ್ಕೆ ಚಿಕ್ಕ ರಿಮ್ಮು, ಕಿರಿದಾದ ದಪ್ಪ ಟೈರು ಬೇಕು. ಆದರೆ ಈ ಕಾರಿನ ಬ್ರೇಕುಗಳು ದೊಡ್ಡವು. ಹಳೆ ಸಾಮಾನಿನ ಬಜಾರಿನಿಂದ ತಂದ ಚಿಕ್ಕ ರಿಮ್ಮು ಬ್ರೇಕಿಗೆ ಉಜ್ಜಿತು. ವಾಪಸು ಕೊಟ್ಟು ಇನ್ನೊಂದು ಜೊತೆ ತಂದೆ. ಅದೂ ಉಜ್ಜಿತು. ಕೊನೆಗೆ ಸಿಕ್ಕ ಜೊತೆಯಲ್ಲಿ ಒಂದು ಬೆರಳು ತೂರುವಷ್ಟು ಸಂದಿ ಉಳಿಯಿತು. ಈಗ ನಾಲ್ಕಕ್ಕೂ ಮೊಳೆ ಟೈರು, ಮಂಜು ಕಚ್ಚಲು ಮೈತುಂಬ ಚಿಕ್ಕ ಮೊಳೆ ನೆಟ್ಟದ್ದು. ಒಣ ರಸ್ತೆಯಲ್ಲಿ ಕಟಕಟ ಎನ್ನುತ್ತಾ ಹೋಗುತ್ತದೆ. ಮೊಳೆಗಳು ಗಟ್ಟಿಯಾಗಿ ಕೂರುವವರೆಗೆ ಮೆಲ್ಲಗೆ ಓಡಿಸಬೇಕಂತೆ. ಭಾನುವಾರಗಳಲ್ಲಿ ಚುನ್‌ಕುರ್ಚಾಕ್ ಗುಡ್ಡದ ರಸ್ತೆಗೆ ಹೋಗಿ ಹತ್ತಿ ಇಳಿದು ಕಲಿಯುತ್ತಿದ್ದೇನೆ.

ನಿಮ್ಮನ್ನು ಕರೆತರುತ್ತೇನೆಂದು ನನ್ನ ಒಡಹುಟ್ಟಿದ ಅಣ್ಣನಿಗೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕ. "ಜನ ಮದ್ವೆ ಆಗೋಕೆ ಹುಡುಗೀರನ್ನ ಎತ್ತಾಕ್ಕೊಂಡ್ ಹೋಗ್ತಾರೆ. ನೀನು ಅತ್ತೇನ ಎತ್ತಾಕ್ಕೊಂಡ್ ಬರ್ತೀಯಾ?" ಎಂದ. ಆಮೇಲೆ ನಗು ನಿಲ್ಲಿಸಿ ಹೇಳಿದ: "ನೋಡು, ಮೆಲಿಸ್ ಅವರ ಮಗ. ನೀನ್ಯಾರು? ಪೊಲೀಸಿನವನು ಕೇಳಿದ್ರೆ ಏನಂತೀಯ?"

ಆ ಮಾತು ಮುಳ್ಳಿನ ಹಾಗೆ ಕೂತಿದೆ. ವಿಚ್ಛೇದನದ ಕಾಗದದಲ್ಲಿ ನಿಮ್ಮ ಹೆಸರೇ ಇಲ್ಲ ಅಮ್ಮಾ. ನಾನು ನಿಮಗೆ ಯಾರು?

ಜೂರಾ


ಚೋಲೋಕ್-ಬುಲಾಕ್
ಡಿಸೆಂಬರ್ 15

ಮಗಳೇ,

ನೀನು ಕೇಳಿದ್ದಕ್ಕೆ ಉತ್ತರ ಬರೆಯಲು ಹೋಗಿ ಎರಡು ಕಾಗದ ಒಲೆಗೆ ಹಾಕಿದೆ.

ಎರ್ಕಿನ್ ಫೋನಿನಲ್ಲಿ ನಿನ್ನನ್ನು ಬಿಟ್ಟ ದಿನ ನೀನು ನನ್ನ ಎದುರು ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದೆ. ತೆಗೆಯುತ್ತಲೇ ಹೋದೆ. ಆಲೂಗಡ್ಡೆ ಮುಗಿಯಿತು, ನೀನು ಎದ್ದು ಹೋಗಲಿಲ್ಲ. ನಾನೂ ಹೋಗು ಎನ್ನಲಿಲ್ಲ. ಅವನನ್ನು ಹೆತ್ತವಳು ನಾನು. ನೀನು ನನ್ನ ಮುಖ ನೋಡದೆ ಹೋಗಬಹುದಿತ್ತು. ಅದಕ್ಕೆ ಹೆಸರೇನೋ ನನಗೆ ಗೊತ್ತಿಲ್ಲ. ಪೊಲೀಸಿನವನು ಕೇಳಿದರೆ ನನ್ನನ್ನೇ ಕೇಳು ಅನ್ನು.

ಇಲ್ಲಿ ಆಲೂಗಡ್ಡೆ ಕಿತ್ತಾಯಿತು. ಆಮೇಲೆ ಮೆಲಿಸ್ "ಚಳಿಗಾಲದ ಕುದುರೆ ಕಡಿದಾಗ್ಲಿ" ಎಂದ. ಕಡಿದು, ಉಪ್ಪು ಹಚ್ಚಿ, ಮಾಂಸ ಹಂಚಿದ್ದೂ ಆಯಿತು. ಈಗ "ವಸಂತ ಬರ್ಲಿ ಅಮ್ಮ" ಅನ್ನುತ್ತಾನೆ. ಇಲ್ಲ ಎಂದು ಒಮ್ಮೆಯೂ ಹೇಳಿಲ್ಲ. ಇಲ್ಲ ಎಂದಿದ್ದರೆ ಜಗಳವಾದರೂ ಆಡಬಹುದಿತ್ತು. ಹೌದು ಹೌದು ಎನ್ನುವವನ ಜೊತೆ ಜಗಳ ಹೇಗೆ? ಮೊನ್ನೆ ಊರ ಹಿರಿಯರು ಬಂದು, "ತಾಯೀನ ಕೊನೆಗಾಲದಲ್ಲಿ ಮನೆ ತುಂಬಿಸ್ಕೊಂಡೆ, ಗಂಡಸು ನೀನು" ಎಂದು ಅವನ ಬೆನ್ನು ತಟ್ಟಿದರು. ಅವನ ಮುಖ ಬೆಳಗಿತು. ನನ್ನ ಕೊನೆಗಾಲ ಬಂದಿದೆಯೆಂದು ನನಗೆ ತಿಳಿದದ್ದು ಆಗಲೇ. ಅವನು ಕೆಟ್ಟವನಲ್ಲ ಜೂರಾ. ಕೆಟ್ಟವನಾಗಿದ್ದರೆ ಕಿಟಕಿ ಒಡೆದು ಬಂದುಬಿಡುತ್ತಿದ್ದೆ.

ದಿನವೂ ಕಿಟಕಿಯ ಬಳಿ ಕೂರುತ್ತೇನೆ. ಹಿಮ ಸುರಿದು ಬೇಲಿಯ ಅರ್ಧ ಮುಚ್ಚಿದೆ. ಪಾದಗಳು ತಾವಾಗಿಯೇ ನೆಲ ಒತ್ತುತ್ತವೆ, ಪೆಡಲ್ ಇದೆಯೇನೋ ಎಂಬಂತೆ. ಅನಾರಾ ಒಂದು ದಿನ ಅದನ್ನು ನೋಡಿದಳು. ಕಿಟಕಿಯ ಗಾಜಿನ ಮಂಜು ಒರೆಸಿ ಹೋದಳು.

ಬಾ. ಆದರೆ ಕದ್ದು ಬೇಡ. ಮಧ್ಯಾಹ್ನ ಬಾ, ಗೇಟಿನ ಮುಂದೆ ನಿಂತು ಹಾರನ್ ಹೊಡಿ. ನಾನು ನನ್ನ ಕೋಟು ಹಾಕಿಕೊಂಡು ಮುಂದಿನ ಬಾಗಿಲಿನಿಂದ ಬರುತ್ತೇನೆ. ತಡೆದರೆ ಎಲ್ಲರೂ ನೋಡುವ ಹಾಗೆ ತಡೆಯಲಿ.

ನಿನ್ನ
ಅತ್ತೆ


ಬಿಷ್ಕೆಕ್
ಜನವರಿ 9

ಅಮ್ಮಾ,

ಫೆಬ್ರವರಿಯ ಮೊದಲ ಶನಿವಾರ. ಹಿಂದಿನ ದಿನ ಘಾಟಿಯ ಈಚೆಗಿನ ಕೋಚ್‌ಕೋರ್‌ನಲ್ಲಿ ಗೆಳತಿಯ ಮನೆಯಲ್ಲಿ ಉಳಿದು, ಬೆಳಗ್ಗೆ ಘಾಟಿ ದಾಟುತ್ತೇನೆ. ಘಾಟಿ ಮುಚ್ಚಿದ್ದರೆ ಮರುದಿನ. ಅಂದೂ ಮುಚ್ಚಿದ್ದರೆ ಅದರ ಮರುದಿನ. ಕಂಬಳಿ, ಸನಿಕೆ, ಬಿಸಿ ಚಹಾದ ಫ್ಲಾಸ್ಕು ಎಲ್ಲ ಕಾರಿನಲ್ಲಿವೆ. ಭಯವೂ ಇದೆ. ಕೈ ಅವಸರ ಮಾಡಬಾರದು ಎಂದು ನೀವು ಹೇಳಿಕೊಟ್ಟದ್ದನ್ನು ಮರೆತಿಲ್ಲ.

ಜೂರಾ


ಬಿಷ್ಕೆಕ್
ಫೆಬ್ರವರಿ 20

ಮಗನೇ ಮೆಲಿಸ್,

ಟ್ಯಾಕ್ಸಿಯ ಹುಡುಗನ ಕೈಯಲ್ಲಿ ನೀನು ಕಳಿಸಿದ ಪಾಸ್‌ಪೋರ್ಟ್ ತಲುಪಿತು. ಬೆಣ್ಣೆಯೂ ತಲುಪಿತು. ಕಾಗದ ಇರಲಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಮೊದಲು ಅನಾರಾಳ ವಿಷಯ. ನೀನು ಅಂದು ಕುದುರೆ ಮಾರಲು ನಾರಿನ್ ಪೇಟೆಗೆ ಹೋಗಿದ್ದೆ. ಜೂರಾ ಬಂದು ಹಾರನ್ ಹೊಡೆದಳು. ನಾನು ಕೋಟು ಹಾಕಿಕೊಂಡು ಅಂಗಳಕ್ಕೆ ಬಂದೆ. ಗೇಟಿಗೆ ಬೀಗ. ಅನಾರಾ ಹಿಟ್ಟಿನ ಕೈಯಲ್ಲೇ ಬಂದಳು. ನಾನು ಅವಳನ್ನು ಬೈಯಲು ಮಾತು ಕೂಡಿಸಿಕೊಂಡಿದ್ದೆ. ಅವಳು ಬೀಗ ತೆಗೆದಳು. "ನೀನು ಬೈಸ್ಕೋತೀಯಲ್ಲೇ" ಎಂದೆ. "ಬೈಸ್ಕೋತೀನಿ. ಇಷ್ಟು ವರ್ಷದಿಂದ ಈ ಮನೆ ಬೀಗದಕೈ ಎಲ್ಲಾ ನನ್ನ ಸೊಂಟದಲ್ಲಿದೆ. ನಾನಾದ್ರೂ ಎಲ್ಲಿಗ್ ಹೋದೆ ಅಮ್ಮ?" ಎಂದಳು. ನನ್ನ ತಲೆವಸ್ತ್ರದ ಗಂಟು ಸರಿಮಾಡಿದಳು. ನನ್ನ ಮುಖಕ್ಕೆಲ್ಲ ಹಿಟ್ಟಾಯಿತು. ಅವಳನ್ನು ಬೈದಿದ್ದರೆ ಇವತ್ತೇ ಕ್ಷಮೆ ಕೇಳು. ನಾನು ಅವಳ ಬಗ್ಗೆ ಇಷ್ಟು ದಿನ ತಪ್ಪು ತಿಳಿದಿದ್ದೆ.

ನಾರಿನ್ ದಾಟುವಾಗ ಹಿಮ ಸುರಿಯಲು ಶುರುವಾಯಿತು. ಘಾಟಿಯ ಬುಡದಲ್ಲಿ ತಡೆಗಂಬ ಇಳಿಸಿದ್ದರು. "ಜೀಪು, ಲಾರಿ ಮಾತ್ರ ಬಿಡ್ತೀವಿ" ಅಂದ ಕಾವಲಿನವನು. ಜೂರಾ, "ಟೈರ್ ನೋಡಿ ಅಣ್ಣ, ಮೊಳೆ ಇದೆ" ಅಂದಳು. "ಟೈರೇನೋ ಸರಿ ತಂಗಿ, ಇದಕ್ಕೆ ಕಾಲೇ ಇಲ್ವಲ್ಲ! ಹೊಟ್ಟೆ ಹಿಮಕ್ಕೆ ಸಿಕ್ಕಿ ನಿಂತ್ಬಿಡ್ತದೆ" ಎಂದು ಬಗ್ಗಿ ಒಳಗೆ ನೋಡಿದ. "ಅರೆ, ಮೆಲಿಸಣ್ಣನ ತಾಯಿ ಅಲ್ವಾ?" ಅಂದವನೇ ಫೋನು ತೆಗೆದ. ಇನ್ನು ಮುಗಿಯಿತು ಎಂದುಕೊಂಡೆ. ಜೂರಾ ಸ್ಟಿಯರಿಂಗ್ ಹಿಡಿದುಕೊಂಡೇ ಇದ್ದಳು. ಗಾಜಿನ ಮೇಲೆ ಹಿಮ ತುಂಬಿ ಹೊರಗಿನದೇನೂ ಕಾಣದಂತಾಯಿತು.

ಪೇಟೆಯಿಂದ ನಿನ್ನ ಜೀಪು ಬಂದು ನಿಂತಿತು. ಆಮೇಲಿನದು ನಿನಗೂ ಗೊತ್ತು. ಆದರೂ ನನ್ನ ಸೀಟಿನಿಂದ ಹೇಗೆ ಕಂಡಿತೆಂದು ಹೇಳುತ್ತೇನೆ. ಕಾರು ಅಷ್ಟು ಗಿಡ್ಡ, ನೀನು ಅಷ್ಟು ಎತ್ತರ. ನನ್ನ ಮುಖ ನೋಡಲು ನೀನು ಹಿಮದಲ್ಲಿ ಕುಕ್ಕರಗಾಲಲ್ಲಿ ಕೂರಬೇಕಾಯಿತು.

"ಅಮ್ಮ, ಇಳೀರಿ" ಎಂದೆ.

"ಇಳಿಯಲ್ಲಪ್ಪ."

"ಜನ ನೋಡ್ತಿದಾರೆ."

"ನೋಡ್ಲಿ."

"ನಾನೇನು ಕಮ್ಮಿ ಮಾಡ್ದೆ ನಿಮಗೆ?"

"ಏನೂ ಕಮ್ಮಿ ಮಾಡ್ಲಿಲ್ಲ. ಆಗಸ್ಟ್‌ನಲ್ಲಿ ಜೂರಾ ಬಂದ ದಿನ ನಾನು ಒಳಗಡೇನೇ ಇದ್ದೆ, ಮೆಲಿಸ್."

ಅವಳು ಅಂದು ಬಂದದ್ದು ನನಗೆ ಗೊತ್ತಿಲ್ಲವೆಂದು ನೀನು ತಿಳಿದಿದ್ದೆ. ಕೂತಲ್ಲೇ ನಿನ್ನ ಟೋಪಿಯ ಮೇಲೆ ಹಿಮ ಕೂಡಿತು. ನೀನು ಎದ್ದು ಕಾವಲಿನವನಿಗೆ, "ತೆಗಿಯೋ ಕಂಬ. ನಾನು ಮುಂದೆ ಹೋಗ್ತೀನಿ, ಅವ್ರು ನನ್ನ ಗಾಲಿ ಗುರುತಲ್ಲಿ ಬರ್ತಾರೆ" ಅಂದೆ. ಎರ್ಕಿನ್ ಬಿಟ್ಟ ಮೇಲೆ ಜೂರಾಳನ್ನು ಹೆಸರು ಹಿಡಿದು ಕರೆಯದಿದ್ದವನು ಅವಳ ಕಡೆ ತಿರುಗಿ, "ದೂರ ಇಟ್ಕೊಂಡ್ ಬಾ ಜೂರಾ. ನಿಂಗೆ ಬ್ರೇಕ್ ಹಿಡೀತದೆ, ನಂಗೆ ಹಿಡಿಯಲ್ಲ" ಅಂದೆ.

ನಿಜವಾಗಿಯೂ ಹಿಡಿಯುತ್ತಿರಲಿಲ್ಲ. ನಿನ್ನ ಜೀಪು ಹಿಮವನ್ನು ಸೀಳುತ್ತಾ ಹೋದದ್ದರಿಂದ ನಮ್ಮ ಕಾರಿಗೆ ದಾರಿಯಾಯಿತು. ಆದರೆ ನನಗೆ ದಾರಿ ಕಾಣಲಿಲ್ಲ. ನಿನ್ನ ಸವೆದ ಟೈರುಗಳು ಪ್ರಪಾತದ ಕಡೆಗೆ ಒಮ್ಮೆ, ಬೆಟ್ಟದ ಕಡೆಗೆ ಒಮ್ಮೆ ಜಾರುವುದಷ್ಟೇ ಕಂಡಿತು. ಮೇಲಿನ ತಿರುವಿನಲ್ಲಿ ಜೀಪು ಅಡ್ಡ ತಿರುಗಿದಾಗ ನಾನು ಕೂಗಿಬಿಟ್ಟೆ. ಜೂರಾ ಟಕ್ಕನೆ ಎರಡಕ್ಕೆ ಇಳಿಸಿ ನಿನ್ನ ಹಿಂದೆ ಮೆಲ್ಲಗೆ ನಿಂತಳು. ನೀನು ಹಿಂದೆ ಮುಂದೆ ಮಾಡಿ ಮತ್ತೆ ಹೊರಟೆ. ನಿನಗೂ ಚಳಿಗಾಲದ ಟೈರು ಹಾಕಿಸು. ತಾಯಿ ಹೇಳಿದ್ದನ್ನು ಎಲ್ಲ ಕೇಳದಿದ್ದರೂ ಇದೊಂದನ್ನು ಕೇಳು.

ಇಲ್ಲಿ ನಾನು ನಾಲ್ಕನೇ ಮಹಡಿಯಲ್ಲಿದ್ದೇನೆ. ಲಿಫ್ಟ್ ಇಲ್ಲ. ಅಂಗಳವೆಲ್ಲ ಮಂಜುಗಟ್ಟಿ ಕನ್ನಡಿಯಾಗಿದೆ. ಮೊಣಕಾಲು ಹೆದರುತ್ತದೆ, ಹಾಗಾಗಿ ನಾನು ಕೆಳಗೆ ಇಳಿದದ್ದು ಒಂದೇ ಸಲ. ನಿನ್ನ ಮನೆಯಲ್ಲಿ ಇದಕ್ಕಿಂತ ಹೆಚ್ಚು ಬಿಸಿಲು ಬರುತ್ತಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಜೂರಾ ಕೆಲಸಕ್ಕೆ ಹೋದ ಮೇಲೆ ದಿನ ಉದ್ದ. ಬಾಗಿಲು ತೆಗೆದಿಟ್ಟು ಮೆಟ್ಟಿಲಲ್ಲಿ ಹತ್ತಿ ಇಳಿಯುವವರನ್ನು ಮಾತಾಡಿಸುತ್ತೇನೆ. ಅನಾರಾಳನ್ನು ಒಂದು ವಾರಕ್ಕೆ ಕಳಿಸು. ನೀನೂ ಬಾ. ಮನೆ ಚಿಕ್ಕದು, ಮಲಗಲು ನೆಲ ಇದೆ.

ಇನ್ನೊಂದೇ ಮಾತು. ಅದನ್ನು ಹೇಳಬೇಕೆಂದೇ ಇಷ್ಟೆಲ್ಲ ಬರೆದೆ. ಘಾಟಿಯ ನೆತ್ತಿಯಲ್ಲಿ ನೀನು ಜೀಪನ್ನು ಪಕ್ಕಕ್ಕೆ ನಿಲ್ಲಿಸಿ ಇಳಿದೆ. ನಮ್ಮ ಕಡೆ ಬರಲಿಲ್ಲ. ನಾವು ನಿನ್ನನ್ನು ದಾಟಿ ಹೋದೆವು. ನಾನು ಹಿಂತಿರುಗಿ ನೋಡಿದೆ. ನೀನು ತೋಳಿನಿಂದ ಜೀಪಿನ ದೀಪ ಒರೆಸುತ್ತಿದ್ದೆ. ತಲೆ ಎತ್ತದೆ ಒರೆಸುತ್ತಲೇ ಇದ್ದೆ. ಅದರ ಮೇಲೆ ಹಿಮ ಇರಲಿಲ್ಲ ಮಗನೇ. "ನಿಲ್ಲಿಸು" ಎಂಬ ಮಾತು ನನ್ನ ಬಾಯಿಯ ತನಕ ಬಂತು. ನಿಲ್ಲಿಸಿದ್ದರೆ ಇಳಿಯುತ್ತಿದ್ದೆ. ಇಳಿದಿದ್ದರೆ ನಿನ್ನ ಜೊತೆ ವಾಪಸು ಬಂದುಬಿಡುತ್ತಿದ್ದೆ. ಅದಕ್ಕೇ ಹಲ್ಲು ಕಚ್ಚಿ ಸುಮ್ಮನಿದ್ದೆ.

ನಿನ್ನ ತಾಯಿ
ಸೋನುನ್‌ಬು